ರೋಡ್ ಐಲೆಂಡ್ ಕೊನೆಗೆ ಸೇರಿದ್ದು

…ಇಲ್ಲ, ತಪ್ಪಾಯ್ತು, ಈ ಫೋನಲ್ಲಿ ದಿನಚರಿ ಮತ್ತೆ ಮೊದಲಿಂದ ರೆಕಾರ್ಡ್ ಮಾಡ್ತೀನಿ. ನವೆಂಬರ್ ಹನ್ನೊಂದು, ಮಂಗಳವಾರ. ನರಸೀಪುರದ ಕಾಲೇಜಲ್ಲಿ ಇವತ್ತು ಅಮೆರಿಕದ ಸಂವಿಧಾನದ ಪಾಠ. ಹನ್ನೆರಡು ರಾಜ್ಯದವರು ಕೂತು ಸಂವಿಧಾನ ಬರೆದ್ರು, ರೋಡ್ ಐಲೆಂಡ್ ಅನ್ನೋ ಪುಟ್ಟ ರಾಜ್ಯ ಕರೆದ್ರೂ ಬರಲಿಲ್ಲ, ಅದನ್ನ ಬಿಟ್ಟೇ ಸರ್ಕಾರ ಶುರುವಾಯ್ತು ಅಂದೆ.

ಬಿಂದುಶ್ರೀ ಎದ್ದು ನಿಂತ್ಲು. "ಇನ್ನೊಂದ್ ಸಲ ಓಗಿ ಕರೆಯಕ್ಕೇನಾಗಿತ್ತು ಸಾ?"

"ಕರೆಯೋದೆಲ್ಲಿ ಬಂತಮ್ಮ, ನೀನು ಪರದೇಶ, ನಿನ್ನ ಸಾಮಾನಿಗೆ ಸುಂಕ ಹಾಕ್ತೀವಿ ಅಂತ ಹೆದರಿಸಿದ್ರು. ಕೊನೆಗೆ ಅಲ್ಲಿನ ಸಭೇಲಿ ಎರಡೇ ಓಟಿನ ಅಂತರದಲ್ಲಿ ಸೇರ್ಕೊಂತು."

"ಪಾಪ, ಅದ್ಕೂ ನಾಚ್ಕೆ ಇತ್ತೇನೋ ಸಾ."

ಎಲ್ಲಾ ನಕ್ರು. ನನಗೆ ನಗು ಬರಲಿಲ್ಲ.

ಸ್ಟಾಫ್ ರೂಮಲ್ಲಿ ಡಬ್ಬಿ ಹಂಚ್ಕೊಂಡು ಉಣ್ಣೋದು ಅಂತ ಜೂನಲ್ಲಿ ಮಾತಾದಾಗ ನನ್ನನ್ನೂ ಕರೆದಿದ್ರು. ಹೋಗ್ಲಿಲ್ಲ. ಹೆಂಡ್ತಿ ತೀರ್ಕೊಂಡ ಮೇಲೆ ನಾನು ಮಾಡೋ ಅನ್ನ ಮುದ್ದೆ ಆಗುತ್ತೆ, ಅದನ್ನ ಯಾರ ಮುಂದೆ ಬಿಚ್ಚಲಿ? ಲೈಬ್ರರಿ ಹಿಂದೆ ಒಬ್ನೇ ಉಣ್ತೀನಿ. ಅವರು ನಗೋದು ಅಲ್ಲೀವರೆಗೂ ಕೇಳುತ್ತೆ. ಮತ್ತೆ ಯಾರೂ ಕರೀಲಿಲ್ಲ, ನಾನಾಗೇ ಹೋದ್ರೆ ಏನಂತ…

ಕೆಳಗಿನ ಮನೆ ಮಲ್ಲಿಕಾರ್ಜುನ್ ಕೂಗ್ತಾವ್ನೆ, ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು, ಆ ಡಬ್ಬಿ ಗುಂಪಿನವನೇ.

"ಸಾ, ಮೋಟ್ರು ಆಫ್ ಮಾಡಿದ್ರಾ?"

"ಮಾಡ್ದೆ ಕಣಪ್ಪ. ಮಲ್ಲಿಕಾರ್ಜುನ್, ನಾಳೆ ಮಧ್ಯಾಹ್ನ ಊಟಕ್ಕೆ… ಇರು, ಕೆಳಗೇ ಬತ್ತೀನಿ."