ಹಲ್ಲಿಗೆ ಸಿಗದ ತೇಪೆ

ಫೆಬ್ರವರಿ 4
ಮತ್ತೆ ಟೀಪಾಟುಗಳು. ಎಲ್ಲರ ಅಜ್ಜಿಗೂ ಯಾವುದೋ ಅರಮನೆಯಿಂದಲೇ ಉಡುಗೊರೆ ಬಂದಿರುತ್ತದೆ. ತಳ ತಿರುಗಿಸಿದರೆ ಮೊನ್ನೆ ಮೊನ್ನೆ ಒತ್ತಿದ ಮುದ್ರೆ. ಹೇಳಿದರೆ ಮುಖ ಊದಿಸಿಕೊಂಡು ಹೋಗುತ್ತಾರೆ. ಈ ಹರಾಜು ಮನೆಯಲ್ಲಿ ಇಷ್ಟು ವರ್ಷ ಮಾಡಿದ್ದು ಇದೇ—ಜನರ ಅಜ್ಜಿಯರನ್ನು ಸುಳ್ಳುಗಾರ್ತಿಯರನ್ನಾಗಿ ಮಾಡುವುದು. ಸಾಕಾಗಿದೆ.

ಮಧ್ಯಾಹ್ನ ಒಂದು ನಿಜವಾದದ್ದು ಬಂತು. ರಿಟೈರಾದ ನರ್ಸಮ್ಮ ಒಬ್ಬರು ಟವೆಲಿನಲ್ಲಿ ಸುತ್ತಿ ತಂದಿದ್ದರು. ಕುರಿಮರಿ ಹಿಡಿದ ಹುಡುಗಿ, ಹಳೆಯ ಜರ್ಮನ್ ಪಿಂಗಾಣಿ. ತಳದಲ್ಲಿ ಜೋಡಿ ಕತ್ತಿಯ ನೀಲಿ ಗುರುತು, ಮೆರುಗಿನ ಅಡಿಯಲ್ಲಿ—ಇರಬೇಕಾದ ಹಾಗೇ. ಕೊನೆತನಕ ಇವರೇ ನೋಡಿಕೊಂಡ ರೋಗಿಯೊಬ್ಬರು ಕೊಟ್ಟದ್ದಂತೆ. ಈಗ ಇವರಿಗೇ ಮಂಡಿನೋವು. ಮೆಟ್ಟಿಲು ಹತ್ತಲಾಗುವುದಿಲ್ಲ, ಇದನ್ನು ಮಾರಿ ನೆಲಮಹಡಿಯ ಮನೆ ಹಿಡಿಯಬೇಕು.

ಇಂಥ ಗೊಂಬೆಗಳಲ್ಲಿ ಕೈ ಮುರಿಯುವುದೇ ಹೆಚ್ಚು. ಎಂದಿನಂತೆ ಅದರ ಮುಂಗೈಯನ್ನು ಹಲ್ಲಿಗೆ ತಾಗಿಸಿದೆ. ಪಿಂಗಾಣಿಯಾದರೆ ಗಾಜಿನಷ್ಟು ಗಟ್ಟಿ, ತೇಪೆಯಾದರೆ ಮೆತ್ತಗೆ. ಮೆತ್ತಗೆ ಅನ್ನಿಸಲಿಲ್ಲ.

"ಎಲ್ಲೂ ಮುರಿದಿಲ್ಲ ಅಮ್ಮ."

"ಕಚ್ಚಿ ನೋಡೋ ಡಾಕ್ಟ್ರನ್ನ ಇವತ್ತೇ ನೋಡಿದ್ದು," ಎಂದು ನಕ್ಕರು.

ಫೆಬ್ರವರಿ 9
ಕ್ಯಾಟಲಾಗ್ ಅಚ್ಚಿಗೆ ಹೋಯಿತು. ಗೊಂಬೆಯ ಕೆಳಗೆ "ದೋಷವಿಲ್ಲ". ನನ್ನ ಸಹಿ. ಹೋದ ತಿಂಗಳು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಒಂದೇ ಸಮ ಒತ್ತುತ್ತಿದೆ. ಯಾರ ಹತ್ತಿರವೂ ಮಾತು ಬೇಡ.

ಫೆಬ್ರವರಿ 22, ಭಾನುವಾರ
ಊಟದ ಮಧ್ಯೆ ಹೆಂಡತಿ ಥೂ ಎಂದಳು. ಅನ್ನದಲ್ಲಿ ಕಲ್ಲು.

"ನಿಮಗೆ ಸಿಗ್ಲಿಲ್ವಾ? ನಿಮ್ಮ ತಟ್ಟೇಲೂ ಇದೆ ನೋಡಿ."

"ಇಲ್ವಲ್ಲ."

"ಪ್ಲಾಸ್ಟಿಕ್ ಹಲ್ಲಿಗೆ ಕಲ್ಲೂ ಒಂದೇ, ಬೆಲ್ಲಾನೂ ಒಂದೇ, ಬಿಡಿ."

ನಕ್ಕು ಇನ್ನೊಂದು ತುತ್ತು ತಿಂದೆ. ಮುಂದಿನದು ಕೈಯಲ್ಲೇ ಉಳಿಯಿತು.

ಫೆಬ್ರವರಿ 23
ಬಾಗಿಲು ತೆಗೆದವನೇ ಗೊಂಬೆ ಹಿಡಿದು ಕೂತೆ. ಸೂಜಿಮೊನೆ ಆಡಿಸಿದೆ. ಕುತ್ತಿಗೆಯ ಮೇಲೆ ಜಾರಿತು. ಕುರಿಮರಿಯ ಮೇಲೂ ಜಾರಿತು. ಬಲ ಮುಂಗೈ... ಸೂಜಿ ಕಚ್ಚಿಕೊಂಡಿತು. ಮಣಿಕಟ್ಟಿನಿಂದಾಚೆ ಬರೀ ಅಂಟು, ಪುಡಿ, ಬಣ್ಣ. ಎಂಥ ಕೈಚಳಕ! ಮಾಡಿದವನಿಗೆ ಕೈಮುಗಿದು ಆಮೇಲೆ ಕೆನ್ನೆಗೆ ಬಾರಿಸಬೇಕು. ಬೆಲೆ ಅರ್ಧಕ್ಕೂ ಕೆಳಗೆ.

ಹರಾಜು ಮನೆಯ ಯಜಮಾನರಿಗೆ ಹೇಳಿದೆ. ಎದ್ದು ಬಾಗಿಲು ಹಾಕಿದರು.

"ತೇಪೆ ತೋರಿಸೋ ನೇರಳೆ ಲೈಟಿಗೆ ಹಿಡಿದ್ರಾ?"

"ಹಿಡಿದೆ. ಏನೂ ಕಾಣಲ್ಲ."

"ಮತ್ತೆ? ಕೊಳ್ಳೋರಿಗೂ ಕಾಣಲ್ಲ. ನಾಡಿದ್ದು ಹರಾಜು, ಸುಮ್ನಿರಿ. ಈಗ ಬಾಯಿಬಿಟ್ರೆ ನೀವು ಪಾಸ್ ಮಾಡಿದ್ದನ್ನೆಲ್ಲ ಜನ ವಾಪಸ್ ತಂದು ಸುರೀತಾರೆ."

ಅವರು ಹೇಳುವುದೂ ನಿಜ. ಹಲ್ಲು ಕಟ್ಟಿಸಿದ ಮೇಲೆ ನೋಡಿದ್ದರ ಮೇಲೆಲ್ಲ ನನಗೇ ಅನುಮಾನ. ಜನ ನನ್ನ ಮಾತು ನಂಬಿ ಕೊಳ್ಳುತ್ತಾರೆ. ಆ ಮಾತೂ ಹೋದರೆ ನನ್ನ ಹತ್ತಿರ ಇನ್ನೇನಿದೆ? ಹೆದರಿಕೆಯಾಗುತ್ತಿದೆ.

ಫೆಬ್ರವರಿ 25, ಬೆಳಗ್ಗೆ
ಎದ್ದ ಕೂಡಲೇ ನರ್ಸಮ್ಮನಿಗೆ ಫೋನ್ ಮಾಡಿದೆ. ಹಿಂದೆ ಪಾತ್ರೆ ಜೋಡಿಸುವ ಸದ್ದು.

"ನಿಮ್ಮ ಪುಣ್ಯ ಸರ್, ಹೊಸ ಮನೆಗೆ ಮುಂಗಡ ಕೊಟ್ಟಾಯ್ತು!"

ಎಲ್ಲ ಹೇಳಿದೆ—ಗೊಂಬೆಯ ಕೈ, ನನ್ನ ಹಲ್ಲು, ಅನ್ನದ ಕಲ್ಲು. ಸದ್ದು ನಿಂತಿತು. ಬೈಯಲಿ ಎಂದು ಕಾದೆ.

"ದಿನಾ ಒರೆಸ್ತಿದ್ದೆ, ನನಗೂ ಗೊತ್ತಾಗ್ಲಿಲ್ಲ ನೋಡಿ," ಎಂದರು. ದನಿ ಸಣ್ಣಗಾಗಿತ್ತು. ಆಮೇಲೆ, "ವಸಡು ನೋಯ್ತಿದೆಯಾ ಸರ್? ಮಾತು ತೊದಲ್ತಿದೆ. ಒತ್ತೋದನ್ನ ಸಹಿಸ್ಕೊಂಡು ಕೂರ್ಬಾರ್ದು, ಹುಣ್ಣಾಗತ್ತೆ. ಹೋಗಿ ತೋರಿಸ್ಕೊಳ್ಳಿ."

ಹೂಂ ಎಂದು ಫೋನ್ ಇಟ್ಟು ಹೊರಟೆ.

ಹರಾಜಿನ ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೂ ಯಾರೂ ಬಂದಿಲ್ಲ. ಗೊಂಬೆಯ ಮುಂದಿನ ಚೀಟಿ ಬದಲಿಸಿದೆ: "ಬಲಗೈ ಮುರಿದು ಕೂಡಿಸಿದ್ದು. ಮೊದಲು ನೋಡಿದಾಗ ನನಗೆ ತಿಳಿಯಲಿಲ್ಲ." ಸಹಿ ಬಾಕಿ. ಹೊರಗೆ ಯಜಮಾನರ ಕಾರು ನಿಂತಿತು. ಅವರು ಒಳಗೆ ಬರುವುದರೊಳಗೆ ಸಹಿ—