ಗಾಡಿ ನಿಲ್ಲಿಸಬ್ಯಾಡ ಅಂದವನು

ಫೆಬ್ರವರಿ 3, ಸೋಮವಾರ

ಇವತ್ತೂ ವಾಂತಿ. ಪೆಟ್ರೋಲ್ ಪಂಪಿನ ಹಿಂದೆ, ಟಾಯ್ಲೆಟ್‌ಗೆ ಹೋಗುವ ನೆಪ ಹೇಳಿ. ಬಾಯಿ ತೊಳೆದು, ಚೂಯಿಂಗ್ ಗಮ್ ಹಾಕಿಕೊಂಡು ಬಂದು ಕೂತೆ. ಕೇತಕಿ ನೋಡಲಿಲ್ಲ... ನೋಡಲಿಲ್ಲ ಅಂದುಕೊಂಡಿದ್ದೇನೆ.

ಎಮರ್ಜೆನ್ಸಿ ಮೆಡಿಸಿನ್, ಎರಡನೇ ವರ್ಷ. ಸೋಲಾಪುರದ ನಮ್ಮ ಆಸ್ಪತ್ರೆಯ ಆಂಬುಲೆನ್ಸ್‌ನಲ್ಲಿ ಹದಿನೈದು ದಿನ ತಿರುಗಬೇಕು, ಇಬ್ಬಿಬ್ಬರು. ಇಬ್ಬರೂ ಹಿಂದೆ, ಪೇಶಂಟ್ ಹತ್ತಿರವೇ ಇರಬೇಕು ಅಂತ ವಿಭಾಗದ ಮುಖ್ಯಸ್ಥ ಉದಯಕುಮಾರ ಸರ್ ರೂಲು. ನನ್ನ ಜೋಡಿ ಕೇತಕಿ, ಬ್ಯಾಚ್‌ಮೇಟ್. ಐಸಿಯುದಲ್ಲಿ ಎಷ್ಟು ರಕ್ತ ಕಂಡರೂ ನನಗೇನೂ ಆಗುವುದಿಲ್ಲ. ಆದರೆ ಆ ಡಬ್ಬಿಯೊಳಗೆ ಅಡ್ಡ ಕೂತರೆ ಊರ ಹೊರಗಿನ ಕುಂಭಾರಿ ದಾಟುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. ಗುಳಿಗೆ ನುಂಗಿದರೆ ನಿದ್ದೆ. ಚಿಕ್ಕಂದಿನಿಂದ ಹೀಗೇ. ಅದಕ್ಕೇ ಎಲ್ಲಿಗೆ ಹೋದರೂ ಬೈಕು. ಮನೆಯಲ್ಲಿ ಎಲ್ಲರಿಗೂ ಗೊತ್ತು. ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲ.

ಗೊತ್ತಾಗಬಾರದು. ಆಂಬುಲೆನ್ಸ್‌ನಲ್ಲಿ ವಾಂತಿ ಮಾಡುವ ಎಮರ್ಜೆನ್ಸಿ ಡಾಕ್ಟರ್! ಥೂ.

ಕನ್ನಡದಲ್ಲಿ ಬರೆಯುವುದೂ ಅದಕ್ಕೇ. ನಾನು ನಾಲ್ಕನೆಯವರೆಗೆ ಕನ್ನಡ ಸಾಲಿ. ಕೇತಕಿ ಮನೆಯಲ್ಲಿ ಕನ್ನಡವೇ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಹಾಸ್ಟೆಲ್‌ನಲ್ಲಿ ಉಳಿದವರೆಲ್ಲ ಮರಾಠಿಯವರು, ಇದನ್ನು ಓದುವವರು ಒಬ್ಬರೂ ಇಲ್ಲ.

ಫೆಬ್ರವರಿ 5, ಬುಧವಾರ

ತಡವಳದಿಂದ ಹೆರಿಗೆ ಕೇಸು. ಒಂದು ಉಪಾಯ ಹೊಳೆಯಿತು.

"ನೀ ಹಿಂದ ಕೂಡು. ನಾ ಮುಂದ ಕೂತು ಆಸ್ಪತ್ರಿಗೆ ಫೋನ್ ಹಚ್ಚತೀನಿ. ಹಿಂದ ರೇಂಜ್ ಸಿಗಂಗಿಲ್ಲ," ಅಂದೆ.

ಕೇತಕಿ ನಕ್ಕಳು. "ಭಾರಿ ಸಾಹೇಬ ಆಗೀಯಲ್ಲೋ ಗುರು! ಹೋಗು, ಮುಂದ ಕೂತು ಮೆರಿ."

ಮುಂದೆಯೂ ಆಗುತ್ತದೆ, ಸ್ವಲ್ಪ ಕಡಿಮೆ. ಡ್ರೈವರ್ ಅಮೋಗಸಿದ್ಧ ನನ್ನ ಮುಖ ನೋಡಿ ಒಂದು ಪ್ಲಾಸ್ಟಿಕ್ ಚೀಲ ತೆಗೆದಿಟ್ಟ. ಕೇತಕಿಗೆ ಹೇಳಬೇಡ ಅಂದೆ. ತಲೆಯಾಡಿಸಿದ.

ಫೆಬ್ರವರಿ 7, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಅಕ್ಕಲಕೋಟದ ಅಡತ ವ್ಯಾಪಾರಿ, ಕಾಳುಕಡಿಯ ದಲ್ಲಾಳಿ ಕಲ್ಯಾಣಪ್ಪ. ಎದೆನೋವು. ಇಸಿಜಿ ನೋಡಿದರೆ ದೊಡ್ಡ ಅಟ್ಯಾಕ್. ಅವರ ಮನೆಯಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡಿ, ತಯಾರಾಗಿರಿ ಅಂದೆ. ಅಲ್ಲಿಗೆ ನನ್ನ ಫೋನಿನ ಕೆಲಸ ಮುಗಿದಿತ್ತು. ಆದರೂ ಮುಂದೆಯೇ ಹತ್ತಿದೆ. ಹಿಂದೆ ಕೇತಕಿ, ಪೇಶಂಟು, ಅವರ ಹೆಂಡತಿ ರತ್ನಾಬಾಯಿ.

ವಳಸಂಗ ದಾಟಿದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡುತ್ತಿದ್ದೆ. ಗಾಳಿಗೆ ಅರ್ಧ ಅಂಗಿಯ ಮೇಲೆಯೇ ಬಿತ್ತು. ಆಗ ನಮ್ಮ ಸೀಟಿನ ಬೆನ್ನಿಗಿದ್ದ ಗಾಜು ಬಡಿದ ಸಪ್ಪಳ.

"ಗಾಡಿ ನಿಲ್ಲಸ್ರಿ! ಗುರು, ಹಿಂದ ಬಾ!"

ಹೊರಳಿ ನೋಡಿದೆ. ಪೇಶಂಟ್ ಹೃದಯ ನಿಂತಿತ್ತು. ಕೇತಕಿ ಗಾಜು ಬಡಿದು ಮತ್ತೆ ಎದೆ ಒತ್ತತೊಡಗಿದ್ದಳು. ಉಸಿರು ಕೊಡುವ ಬ್ಯಾಗನ್ನು ರತ್ನಾಬಾಯಿ ಕೈಗೆ ಕೊಟ್ಟಿದ್ದಳು. ಬೇರೆ ಕೈ ಎಲ್ಲಿತ್ತು ಆಕೆಗೆ?

"ನಿಲ್ಲಸ್ಲೇನ್ರಿ ಸಾಹೇಬ್ರ?" ಅಮೋಗಸಿದ್ಧ ಕೇಳಿದ.

ನಿಲ್ಲಿಸಿದರೆ ನಾನು ಇಳಿದು ಹಿಂದೆ ಹೋಗಬೇಕು. ಈ ಅಂಗಿಯಲ್ಲಿ. ಕೇತಕಿ ನೋಡುತ್ತಾಳೆ. ಆ ಕ್ಷಣ ತಲೆಗೆ ಬಂದದ್ದು ಇದೊಂದೇ... ಒಬ್ಬ ಮನುಷ್ಯ ಸಾಯುತ್ತಿದ್ದಾಗ, ಇದೊಂದೇ.

"ಬ್ಯಾಡ," ಅಂದೆ. "ನಿಲ್ಲಿಸಬ್ಯಾಡ. ಹೊಡಿ."

ಓಡುವ ಗಾಡಿಯಲ್ಲೇ ಕೇತಕಿ ಶಾಕ್ ಕೊಟ್ಟಳು. ಹೃದಯ ಮತ್ತೆ ಹೊಡೆದುಕೊಂಡಿತು. ಬದುಕಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾನು ಡಾಕ್ಟರರ ಬಿಳಿ ಏಪ್ರನ್ ಹಾಕಿಕೊಂಡು, ಕುತ್ತಿಗೆಯವರೆಗೆ ಗುಂಡಿ ಹಾಕಿ, ಸ್ಟ್ರೆಚರಿನ ಮುಂದೆ ಓಡಿದೆ. ಬಾಗಿಲಲ್ಲಿ ಕಾದಿದ್ದ ಅವರ ನೆಂಟರು ಮೊದಲು ಕಂಡದ್ದು ನನ್ನನ್ನೇ.

ಫೆಬ್ರವರಿ 8, ಶನಿವಾರ

ಸರ್ ಕೇತಕಿಯನ್ನು ಎಲ್ಲರೆದುರು ಬೈದರು. ಓಡುವ ಗಾಡಿಯಲ್ಲಿ ಶಾಕ್ ಯಾಕೆ ಕೊಟ್ಟೆ? ಕುಲುಕಾಟಕ್ಕೆ ಮಾನಿಟರ್ ತಪ್ಪು ತೋರಿಸಿದ್ದರೆ? ಅದೇ ಹೊತ್ತಿಗೆ ಗಾಡಿ ಎಗರಿ ರತ್ನಾಬಾಯಿ ಕೈ ಪೇಶಂಟ್‌ಗೆ ತಾಗಿತ್ತು, ಅವರಿಗೂ ಝುಮ್ ಅಂದಿದೆ. ಅವರಿಗೇನಾದರೂ ಆಗಿದ್ದರೆ ಯಾರು ಜವಾಬ್ದಾರರು? ಆಕೆಯ ಪೋಸ್ಟಿಂಗ್ ರದ್ದು. ಮತ್ತೆ ಮೊದಲಿನಿಂದ ಮಾಡಬೇಕು.

ಗಾಜು ಬಡಿದೆ ಸರ್, ಮುಂದೆ ಕೇಳಿಸಲಿಲ್ಲ ಅನಿಸುತ್ತದೆ, ಅಂದಳು.

ಸರ್ ನನ್ನತ್ತ ತಿರುಗಿದರು. ಮುಂದೆ ಯಾಕೆ ಕೂತಿದ್ದೆ, ಕೇಳಿಸಲಿಲ್ಲವೇ? "ಸೈರನ್ ಸರ್," ಅಂದೆ. "ಆಸ್ಪತ್ರೆಗೆ ಫೋನಿನಲ್ಲಿದ್ದೆ, ಹಿಂದೆ ರೇಂಜ್ ಸಿಗುವುದಿಲ್ಲ."

ಎಷ್ಟು ಸಲೀಸಾಗಿ ಬಂತು ಬಾಯಿಗೆ!

ಹೊರಗೆ ಬಂದ ಮೇಲೆ ಕೇತಕಿ ಕೇಳಿದಳು, "ಖರೇನಽ ಕೇಳಿಸಲಿಲ್ಲೇನೋ?"

"ಇಲ್ಲ."

ನನ್ನ ಮುಖ ನೋಡಿದಳು. ಆಮೇಲೆ ಚಹಾಕ್ಕೆ ಕರೆದಳು. ಹೋಗಲಿಲ್ಲ.

ಫೆಬ್ರವರಿ 19, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಏನಂತ ಬರೆಯಲಿ? ನನ್ನ ಪೋಸ್ಟಿಂಗ್ ಮುಗಿಯಿತು. ಸರ್ ಬೆನ್ನು ತಟ್ಟಿದರು.

ಅಪ್ಪನ ಫೋನ್. ನಮ್ಮದು ಸೋಲಾಪುರದಲ್ಲಿ ಚಾದರದ ಅಂಗಡಿ. ಕಲ್ಯಾಣಪ್ಪ ಹಳೇ ಗಿರಾಕಿಯಂತೆ. ಫೋನ್ ಮಾಡಿ ಅತ್ತರಂತೆ. ಅಮೋಗಸಿದ್ಧ ಅವರಿಗೆ ಕಥೆ ಹೇಳಿದ್ದಾನೆ: ಹಿಂದೆ ಅಷ್ಟು ಬೊಬ್ಬೆ ಎದ್ದರೂ ಸಣ್ಣ ಡಾಕ್ಟರ್ ಅಳುಕಲಿಲ್ಲ, 'ನಿಲ್ಲಿಸಬ್ಯಾಡ, ಹೊಡಿ' ಅಂದರು, ಅದಕ್ಕೇ ಟೈಮಿಗೆ ಮುಟ್ಟಿದೆವು.

"ಲೇ ಗುರ್ಯಾ!" ಅಪ್ಪನ ದನಿ ನಡುಗುತ್ತಿತ್ತು. "ಶ್ರೀಶೈಲಕ್ಕ ಹೋಗೂತನಾ ವಾಂತಿ ಕಾರಕೋತ ಬರ್ತಿದ್ದ ಹುಡುಗ ನೀ! ನಮ್ಮ ಖಾನದಾನದಾಗ ಯಾರರ ಹಿಂಗ ಹೆಸರು ತಂದಾರೇನು? ರವಿವಾರ ಅಕ್ಕಲಕೋಟದಾಗ ನಿನ್ನ ಸತ್ಕಾರ ಇಟ್ಟಾರ. ಬ್ಯಾಡ ಅನ್ನಬ್ಯಾಡ ಮತ್ತ."

"ಅಪ್ಪಾ, ಅದು ಕೇತಕಿ—"

"ಆಕಿನ್ನೂ ಕರದಾರ. ದೊಡ್ಡ ಮನಸು ಬಿಡು ನಿಂದು."

ಸಾತ್ ರಸ್ತಾ ಚೌಕದಲ್ಲಿ ಅಪ್ಪ ಹಾಕಿಸಿದ ಫ್ಲೆಕ್ಸ್ ಎದ್ದಿದೆ. ಹುಟ್ಟುಹಬ್ಬದ ಪುಢಾರಿಗಳ ಸಾಲಿನಲ್ಲಿ ನಾನು. ಅಣ್ಣನ ಮದುವೆಯ ಫೋಟೋ, ತಲೆಗೆ ಫೇಟಾ, ಕಣ್ಣಿಗೆ ಗಾಗಲ್. ಹೆಲ್ಮೆಟ್ ತೆಗೆಯದೆ ಬೇರೆ ದಾರಿ ಹಿಡಿದೆ.

ಅಮೋಗಸಿದ್ಧನನ್ನು ಹುಡುಕಿ, ಯಾಕೆ ಹೇಳಿದೆ ಅಂತ ರೇಗಿದೆ. "ವಾಂತಿ ವಿಷಯ ಬಿಟ್ಟೀನ್ರಿ ಸಾಹೇಬ್ರ, ಅದನ್ಯಾಕ ಹೇಳೂದು," ಅಂದ ನಗುತ್ತ. ಪಾಪ, ಉಪಕಾರ ಮಾಡಿದೆ ಅಂದುಕೊಂಡಿದ್ದಾನೆ.

ಫೆಬ್ರವರಿ 23, ರವಿವಾರ, ಸಂಜೆ

ಅಪ್ಪ ಅವ್ವ ಕಾರಿನಲ್ಲಿ. ನಾನು ಬೈಕಿನಲ್ಲಿ. ಅಕ್ಕಲಕೋಟದವರೆಗೆ ಮಾತು ಜೋಡಿಸಿಕೊಂಡೆ. ಎಲ್ಲರೆದುರು ಹೇಳಿಯೇ ಬಿಡುವುದು. ಒಮ್ಮೆ ಮಾನ ಹೋದರೆ ಹೋಗಲಿ.

ಅಡತ ಅಂಗಡಿಯ ಮುಂದೆ ಪೆಂಡಾಲ್. ಕಲ್ಯಾಣಪ್ಪ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಆ ಕೈಯನ್ನೇ ಹಿಡಿದುಕೊಂಡು ಅತ್ತರು. ಕೇತಕಿಗೆ ಒಂದು ಹೂವಿನ ಗುಚ್ಛ. ಇಸಿದುಕೊಂಡು ಮೂರನೇ ಸಾಲಿಗೆ ಹೋಗಿ ಕೂತಳು. ನನಗೆ ಮೈಕ್.

"ಗಾಡಿ ನಿಲ್ಲಿಸಬ್ಯಾಡ ಅಂದಾವ ನಾನಽ..." ಅಂದೆ.

ಚಪ್ಪಾಳೆ! ಸಿಳ್ಳೆ. ಯಾರೋ "ಭಲೇ ಡಾಕ್ಟರ್!" ಅಂದರು. ಅಪ್ಪ ಟೋಪಿ ತೆಗೆದು ಕಣ್ಣೊರೆಸಿಕೊಂಡ. ಮೂರನೇ ಸಾಲಿನಲ್ಲಿ ಕೇತಕಿ ಎದ್ದು ನಿಂತಿದ್ದಳು, ಚಪ್ಪಾಳೆ ತಟ್ಟುತ್ತಿರಲಿಲ್ಲ. ಸಿಟ್ಟಾಗಿ ಹೊರಟಳೇನೋ ಅಂದುಕೊಂಡೆ.

ತಪ್ಪನ್ನು ಚಪ್ಪಾಳೆಯ ಮೇಲೆ ಹಾಕುವಂತಿಲ್ಲ. ಅದು ನಿಂತಿತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತ ಕಾದರು. ಮುಂದಿನ ಮಾತು ನಾಲಿಗೆಯ ಮೇಲೇ ಇತ್ತು.

"...ಎಲ್ಲಾರಿಗೂ ಧನ್ಯವಾದ," ಅಂದು ಕೂತುಬಿಟ್ಟೆ.

ಊಟಕ್ಕೆ ರತ್ನಾಬಾಯಿಯೇ ಬಡಿಸಲು ಬಂದರು. ಪಕ್ಕದಲ್ಲಿ ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಅಂದರು: "ಗಾಡ್ಯಾಗ ವಾಂತಿ ಆಗೂದು ಗುನ್ಹಾ ಅಲ್ರೀಪಾ. ನನ್ನ ಮಗಗೂ ಆಗ್ತದ. ಖರೆ ಆ ಹುಡುಗಿ ಗಾಜು ಬಡದಾಗ ನೀವು ಹೊಳ್ಳಿ ನೋಡಿದ್ರಿ. ನಾ ಗಾಜಿನ ಹಂತ್ಯಾಕಽ ಇದ್ದೆ."

"ಕಾಕೂ..." ಅಂದೆ.

"ನಮ್ಮ ಮನಿಯವ್ರು ಉಳದಾರ. ನನಗ ಮತ್ತೇನೂ ಬ್ಯಾಡ. ತಿನ್ರಿ," ಅಂದು ಇನ್ನೊಂದು ಶೇಂಗಾ ಹೋಳಿಗೆ ಹಾಕಿ ತುಪ್ಪ ಸುರಿದು ಹೋದರು.

ತಿಂದೆ. ಅದನ್ನೂ ತಿಂದೆ ನಾನು.

ಫೆಬ್ರವರಿ 24, ಸೋಮವಾರ, ಮುಂಜಾನೆ

ಕೇತಕಿ ಆಂಬುಲೆನ್ಸ್‌ನ ಹಿಂದೆ ಆಕ್ಸಿಜನ್ ನೋಡಿಕೊಳ್ಳುತ್ತಿದ್ದಳು. ಆಕೆಯ ಪೋಸ್ಟಿಂಗ್ ಇವತ್ತಿನಿಂದ ಮತ್ತೆ. ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ವಾಂತಿ. ಅಂಗಿ. ಕೇಳಿಸಿದ್ದು. ಹೊರಳಿ ನೋಡಿದ್ದು.

"ಗೊತ್ತದ," ಅಂದಳು, ತಲೆ ಎತ್ತದೆ. "ಅವತ್ತ ಸಂಜೀಕಽ ರತ್ನಾಕಾಕು ಹೇಳಿದ್ರು."

ಅಂದರೆ ಮರುದಿನ ಸರ್ ಮುಂದೆ 'ಕೇಳಿಸಲಿಲ್ಲ ಅನಿಸುತ್ತದೆ' ಅಂದಾಗಲೇ ಗೊತ್ತಿತ್ತು. ಚಹಾಕ್ಕೆ ಕರೆದಾಗಲೂ.

"ಮತ್ತ ಸರ್‌ಗೆ ಯಾಕ ಹೇಳಲಿಲ್ಲ ನೀ?"

"ನೀ ಹೇಳ್ತಿ ಅಂತ ಕಾದೆ." ಆಗ ನನ್ನನ್ನು ನೋಡಿದಳು. "ನಿನ್ನಿ ಮೈಕ್ ಹಿಡದು ಶುರು ಮಾಡಿದ್ಯಲ್ಲ... ಈಗ ಹೇಳ್ತಾನ ಅಂತ ಎದ್ದು ನಿಂತಿದ್ನೋ ಗುರು."

ಅಮೋಗಸಿದ್ಧ ಹಾರ್ನ್ ಹೊಡೆದ. ಚಪಳಗಾಂವದಿಂದ ಕೇಸು. ಆಕೆ ಬಾಗಿಲು ಎಳೆದುಕೊಂಡಳು.

ಅದೇ ದಿನ, ಸರ್ ಕ್ಯಾಬಿನ್ ಹೊರಗೆ

ಒಳಗೆ ಯಾರೋ ಇದ್ದಾರೆ. ಎರಡು ಸಲ ಎದ್ದು ಲಿಫ್ಟ್‌ವರೆಗೆ ಹೋಗಿ ವಾಪಸು ಬಂದೆ. ಮತ್ತೆ ಎದ್ದು ಹೋಗಬಾರದು ಅಂತ ಬರೆಯುತ್ತ ಕೂತಿದ್ದೇನೆ. ಫ್ಲೆಕ್ಸ್ ಇನ್ನೊಂದು ವಾರ ಇರಲಿ ಅಂತ ಅಪ್ಪನ ಮೆಸೇಜು. ಅಪ್ಪನಿಗೆ ಯಾವ ಬಾಯಿಂದ... ಅದು ಆಮೇಲೆ. ಮೊದಲು ಇಲ್ಲಿ. 'ಸರ್, ನನಗೆ ಕೇಳಿಸಿತ್ತು.' ಅಷ್ಟೇ. ಮೊದಲ ಮಾತೇ ಅದು. ನಮಸ್ಕಾರಕ್ಕಿಂತ ಮೊದಲು.

ಬಾಗಿಲು ತೆರೆಯಿತು. ಸರ್ ನನ್ನನ್ನು ನೋಡಿ ನಗುತ್ತಿದ್ದಾರೆ. 'ಬಾ ಹೀರೋ,' ಅನ್ನುತ್ತಿ—