ಕಾಲುವೆಯ ಪಾಲಕ್

ನವೆಂಬರ್ 4, ಸೋಮವಾರ. ಬೆಳಿಗ್ಗೆ 7

ವಾಕಿಂಗ್ ಮುಗಿಯಿತು. ಪ್ಲಾಂಟಿನ ತನಕ ಹೋಗಿಬಂದೆ — ಕಾಲನಿಯ ಕೊಳಚೆ ನೀರನ್ನು ಶುದ್ಧಮಾಡಿ ಹಿಂದಿನ ಕಾಲುವೆಗೆ ಬಿಡುವ ನಮ್ಮ ಪ್ಲಾಂಟು. ಲ್ಯಾಬ್ ರಿಪೋರ್ಟ್ ನೋಟಿಸ್ ಬೋರ್ಡಿಗೆ ಹಚ್ಚಿದ್ದಾರೆ. ಈ ತಿಂಗಳೂ ಪಾಸು. ಈ ಪ್ಲಾಂಟಿಗಾಗಿ ಆರು ವರ್ಷ ಕಚೇರಿ ಅಲೆದವರು ನಾನು, ರಾಮದಾಸ. ಫ್ಯಾಕ್ಟರಿಯಲ್ಲೂ ಒಂದೇ ಶಿಫ್ಟು, ಅಲೆದಾಟಕ್ಕೂ ಒಂದೇ ಸ್ಕೂಟರು. ಈಗ ಅವನು ಅಸೋಸಿಯೇಷನ್ ಅಧ್ಯಕ್ಷ.

ಕಾಲುವೆ ಪಕ್ಕ ಯಂಕಮ್ಮನ ಸೊಪ್ಪಿನ ತುಂಡು ಜಾಗ. ಯಾದಗಿರಿ ಕಡೆಯವಳು. ಕಟ್ಟಡದ ಕೆಲಸ ಬಿಟ್ಟು ಗುತ್ತಿಗೆಗೆ ಹಿಡಿದಿದ್ದಾಳೆ. ಈ ನೀರು ಹಾಯಿಸಲೇ ಎಂದು ಬೇಸಿಗೆಯಲ್ಲಿ ಕೇಳಿದ್ದಳು. ರಿಪೋರ್ಟ್ ಓದಿ ಹೇಳಿದ್ದೆ — ಧೈರ್ಯವಾಗಿ ಹಾಯಿಸು. ಅಂದಿನಿಂದ ಕೊಯ್ದಾಗೆಲ್ಲ ನಮ್ಮನೆಗೊಂದು ಕಟ್ಟು ಪಾಲಕ್. ದುಡ್ಡು ಮುಟ್ಟುವುದಿಲ್ಲ.

ನವೆಂಬರ್ 17

ಯಂಕಮ್ಮನ ಬೆರಳ ಸಂದುಗಳಲ್ಲಿ ಕೆಂಪು ಹುಣ್ಣು. ಕಿರಿಮಗಳಿಗೆ ಮತ್ತೆ ಭೇದಿ. ಗೊಬ್ಬರದ್ದಿರಬೇಕು, ಸೋಪು ಹಚ್ಚಿ ತೊಳೆದುಕೋ ಎಂದೆ.

ಪ್ಲಾಂಟಿನ ಕಡೆಯಿಂದ ವಾಸನೆ. ರಾಮದಾಸನಿಗೆ ಫೋನ್ ಮಾಡಿದೆ. ಗಾಳಿ ತಿರುಗಿದೆ ಅಂದ. ಇರಬಹುದು...

ಡಿಸೆಂಬರ್ 2, ಸೋಮವಾರ. ಮಧ್ಯಾಹ್ನ

ಹಳೇ ಪುಸ್ತಕಕ್ಕೆಂದು ಅಬಿಡ್ಸ್‌ಗೆ ಹೊರಟಿದ್ದೆ. ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಲೋಕಲ್ ಟ್ರೈನು ರದ್ದು. ವಾಪಸ್ ಬಂದರೆ ಅಡುಗೆಮನೆಯಲ್ಲಿ ಪ್ಲಾಂಟ್ ಆಪರೇಟರ್ ಮಲ್ಲು. ಲ್ಯಾಬಿಗೆ ಹೋಗುವ ಸ್ಯಾಂಪಲ್ ಬಾಟಲಿ ನಮ್ಮ ನಲ್ಲಿಯ ಕೆಳಗೆ. ನನ್ನ ಹೆಂಡತಿ ಸುಭದ್ರಾ ಲಾಳಿಕೆ ಹಿಡಿದು ನಿಂತಿದ್ದಾಳೆ!

ಏನಿದು ಎಂದೆ. ಮಲ್ಲು ಬಾಟಲಿಯಿಂದ ಕಣ್ಣು ಎತ್ತಲಿಲ್ಲ. "ಪೂರಾ ನಲ್ಲಿ ನೀರಲ್ರಿ ಸರ್. ತಳಕ್ಕ ಒಂದೀಟು ಅಲ್ಲೀದೂ ಹಾಕೇನಿ. ಇಲ್ಲಂದ್ರ ಲ್ಯಾಬಿನವ್ರಿಗೆ ಡೌಟ್ ಬರ್ತೈತಿ."

ಎಂದಿನಿಂದ ಎಂದು ಸುಭದ್ರಾಳನ್ನು ಕೇಳಿದೆ.

"ನಿಮಗ ಸ್ಟೆಂಟ್ ಹಾಕಿದಾಗಿಂದ."

ಸಂಜೆ

ರಾಮದಾಸ ತಾನೇ ಬಂದ. ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಹೋದ ವರ್ಷವೇ ಸುಟ್ಟಿದೆಯಂತೆ. ರಿಪೇರಿಗೆ ಜನರಲ್ ಬಾಡಿ ಒಪ್ಪಲಿಲ್ಲವಂತೆ. ನಾನಾಗ ಐಸಿಯುನಲ್ಲಿ. ಅಂದಿನಿಂದ ಕೊಳಚೆ ಬಂದ ಹಾಗೆಯೇ ಕಾಲುವೆಗೆ.

"ನಿನಗ ಹೇಳಿದ್ರ ಮತ್ತ ಕೋರ್ಟು, ಬೋರ್ಡು ಅಂತ ಓಡ್ತಿದ್ದಿ. ನೀ ಉಳಿಯೋದು ನಮಗ ಮುಖ್ಯ ಇತ್ತಪಾ" ಎಂದ. ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ.

ತಿಂಗಳು ತಿಂಗಳೂ ಆ ರಿಪೋರ್ಟನ್ನು ಓದಿ ಬೀಗಿದ್ದೇನೆ. ಇವನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದಾನೆ. ಎದ್ದು ಹೋಗು ಎಂದೆ. ಮೂವತ್ತು ವರ್ಷದಲ್ಲಿ ಮೊದಲ ಸಲ.

ಡಿಸೆಂಬರ್ 8, ಭಾನುವಾರ. 11 ಗಂಟೆ

ಮಾಲಿನ್ಯ ನಿಯಂತ್ರಣ ಬೋರ್ಡಿಗೆ ದೂರು ಕೊಟ್ಟಾಯಿತು. ಸುಭದ್ರಾಳೊಂದಿಗೆ ಮಾತಿಲ್ಲ. ಗಂಡ ಬದುಕಲಿ ಎಂದು ಮಾಡಿದಳು — ಹಾಗಂದುಕೊಂಡು ಅರ್ಧ ಕ್ಷಮಿಸಿಯೂ ಇದ್ದೆ. ಪಾಪ, ಅವಳೂ ಅದೇ ಸೊಪ್ಪು ತಿಂದವಳಲ್ಲವೇ.

ಯಂಕಮ್ಮನಿಗೆ ಹೇಳುವುದು ಬಾಕಿಯಿತ್ತು. ಈಗ ಅವಳೇ ಪಾಲಕ್ ಕಟ್ಟು ಹಿಡಿದು ಬಂದಳು. ಕಾಲುವೆ ನೀರಿನ ಸೊಪ್ಪು ಬೇಡ ಎಂದೆ.

"ಇದು ಕಾಲುವಿ ನೀರಿಂದಲ್ರಿ ಅಪ್ಪಾರ. ಬೋರಿನ ನೀರಿಂದು. ನಿಮ್ಮನಿಗಂತ ಬ್ಯಾರೆನ ಬೆಳಿತೀನಿ. ಅವ್ವಾರು ಮೊದಲಿಂದ ಹಂಗ ಹೇಳ್ಯಾರ."

ಪಕ್ಕದ ಸೈಟಿನ ಬೋರಿನಿಂದ ಕೊಡದಲ್ಲಿ ಹೊತ್ತು ಹಾಕುತ್ತಾಳಂತೆ. ಏಕೆಂದು ಕೇಳಲಿಲ್ಲವಂತೆ. ದೊಡ್ಡವರ ಮನೆ, ಏನೋ ಆಚಾರವಿರಬೇಕು ಅಂದುಕೊಂಡಳಂತೆ.

ಸುಭದ್ರಾ ಬಾಗಿಲಲ್ಲೇ ಇದ್ದಳು. ಒಳಗೆ ಹೋದಳು.

ನಿನ್ನ ಮಕ್ಕಳು ಯಾವುದು ತಿನ್ನುತ್ತಾರೆ ಎಂದೆ. ಯಂಕಮ್ಮ ನಕ್ಕಳು.

"ಕಾಲುವೀದ್ರಿ. ನೀವ ಹೇಳೀರಲ್ಲ, ಚೊಲೋ ನೀರು ಅಂತ."

ಕೂತಿರು ಎಂದು ಒಳಗೆ ಬಂದೆ. ಒಮ್ಮೆ ಬರೆದುಕೊಂಡರೆ ಮಾತು ಹೊರಟೀತು. ಇಷ್ಟು ವರ್ಷ ಎಷ್ಟು ಅರ್ಜಿ ಬರೆದಿಲ್ಲ ನಾನು... ಕಟ್ಟೆಯ ಮೇಲೆ ಕಾಯುತ್ತಿದ್ದಾಳೆ. ಅಡುಗೆಮನೆಯಿಂದ ಇಂಗಿನ ಒಗ್ಗರಣೆಯ ವಾಸನೆ.

ಯಂಕಮ್ಮಾ, ನಾನು ಹೇಳಿದ ಆ ನೀರು —